ಇರುಳ ಪಂಕ್ತಿ

ಹೋದ ಶರತ್ಕಾಲದಲ್ಲಿ ನಾನು ಇಪ್ಪತ್ತು ದಿವಸಗಳ ಕಾಲ ಚೀನಾ ದೇಶದ ನಾಲ್ಕು ದೊಡ್ಡ ಪಟ್ಟಣಗಳಲ್ಲಿ ಅಲೆದು ಬಂದೆನು. ಹಿಂದಿರುಗಿದ ಮೇಲೆ ಕಂಡ ಕಂಡ ಮಿತ್ರರೆಲ್ಲ ಕೇಳಿದುದು ಒಂದೇ ಪ್ರಶ್ನೆ: “ಮಹಾಗೋಡೆಯನ್ನು ನೋಡಿದಿರಷ್ಟೆ?” ಬೀಜಿಂಗಿನಲ್ಲಿದ್ದ ಎರಡು ದಿನವೂ ಮಳೆ ಹಿಡಿದುದರಿಂದ ನೋಡಲಾಗಲಿಲ್ಲವೆಂದು ನಾನು ಹೇಳಿದಾಗ, ಕಾಶಿಗೆ ಹೋಗಿ ಗಂಗೆಯಲ್ಲಿ ಮುಳುಗದೆ ಬಂದವನನ್ನು ನೋಡುವಂತೆ ಅವರು ನನ್ನನ್ನು ನೋಡಿದರು. “ಹಾಗಾದರೆ ಇಪ್ಪತ್ತು ದಿನ ಅಲ್ಲಿ ಏನು ಮಾಡಿದಿರಿ?” ಎಂದು ಒಬ್ಬರು ಕೇಳಿಯೇಬಿಟ್ಟರು. “ರಾತ್ರಿಯ ಊಟಕ್ಕೆ ಸ್ಥಳ ಹುಡುಕಿದೆ” ಎಂದೆ. ಅವರು ವಿನೋದವೆಂದು ತಿಳಿದು ನಕ್ಕರು. ನಾನು ನಿಜವನ್ನೇ ಹೇಳಿದ್ದೆನು.

ಪರಸ್ಥಳದಲ್ಲಿ ಹಗಲನ್ನು ಕಳೆಯುವುದು ಕಷ್ಟವಲ್ಲ. ಗುಡಿಗಳೂ ಗೋಪುರಗಳೂ ವಸ್ತುಸಂಗ್ರಹಾಲಯಗಳೂ ಇರುತ್ತವೆ. ಚೀಟಿ ಕೊಂಡವನಿಗೆ ಬಾಗಿಲು ತೆರೆಯುತ್ತದೆ. ಸಂಜೆಯಾಗಿ ಆ ಬಾಗಿಲುಗಳು ಮುಚ್ಚಿದ ಮೇಲೆಯೇ ಪ್ರವಾಸಿಯು ನಿಜವಾಗಿ ಪರದೇಶಿಯಾಗುವುದು. ಊರಿನವರೆಲ್ಲ ತಮ್ಮ ತಮ್ಮ ಎಡೆಗೆ ಹೊರಟಿರುತ್ತಾರೆ. ತನ್ನ ಎಡೆ ಎಲ್ಲಿದೆಯೆಂಬುದು ಅವನೊಬ್ಬನಿಗೆ ತಿಳಿಯದು. ಭಾಷೆ ಬಾರದ, ಫಲಕವನ್ನು ಓದಲಾರದ, ಅದರ ಮೇಲೆ ಮಾಂಸ ಮುಟ್ಟದ ನನ್ನಂಥವನ ಪಾಡನ್ನು ಹೇಳತಕ್ಕುದೇನು?

ಚೀನರ ರಾತ್ರಿಗೆ ಒಂದು ಚರಿತ್ರೆಯೇ ಇದೆ. ತಾಂಗ್ ಅರಸರ ಕಾಲದಲ್ಲಿ, ಎಂದರೆ ಕ್ರಿ. ಶ. 7, 8ನೆಯ ಶತಮಾನಗಳಲ್ಲಿ, ರಾಜಧಾನಿಯಾದ ಛಾಂಗಾನ್ ನಗರವು ಸುತ್ತಲೂ ಗೋಡೆ ಕಟ್ಟಿದ ನೂರಕ್ಕೂ ಮಿಕ್ಕ ಕೇರಿಗಳಾಗಿ ಹಂಚಿಹೋಗಿದ್ದಿತು. ಸಂಜೆಯ ಭೇರಿ ಮುಗಿದೊಡನೆಯೇ ಕೇರಿಯ ಬಾಗಿಲುಗಳು ಮುಚ್ಚುತ್ತಿದ್ದವು. ಆಮೇಲೆ ಹೆದ್ದಾರಿಯಲ್ಲಿ ಸಿಕ್ಕಿದವನಿಗೆ ಛಡಿಯ ಏಟು ಕಾದಿರುತ್ತಿತ್ತು. ಸುಂಗ್ ವಂಶದ ಮೊದಲನೆಯ ಚಕ್ರವರ್ತಿಯು 965ರಲ್ಲಿ, ತನ್ನ ರಾಜಧಾನಿಯಾದ ಕೈಫೆಂಗಿನ ಇರುಳ ಸಂತೆಯನ್ನು ನಡುರಾತ್ರಿಯ ಸುಮಾರಿನವರೆಗೆ ಯಾರೂ ತಡೆಯಕೂಡದೆಂದು ಆಜ್ಞೆಮಾಡಿದನು. 1127ರಲ್ಲಿ ಆ ನಗರವು ಜುರ್ಚೆನ್ನರ ವಶವಾಯಿತು. ಆಗ ದಕ್ಷಿಣಕ್ಕೆ ಓಡಿಬಂದ ಮೆಂಗ್ ಯುವಾನ್‌ಲಾವ್ ಎಂಬಾತನು ಕಳೆದುಹೋದ ಊರನ್ನು ಕುರಿತು ಒಂದು ಗ್ರಂಥವನ್ನು ಬರೆದು, 1147ರಲ್ಲಿ ಅದಕ್ಕೆ ಮುನ್ನುಡಿಯನ್ನಿಟ್ಟನು. ಅದರಲ್ಲಿ ಅರಮನೆಯ ಬಾಗಿಲುಗಳ ಲೆಕ್ಕವಿರುವಂತೆಯೇ, ಯಾವ ಸೇತುವೆಯ ಬಳಿ ಯಾವ ಅಂಗಡಿ, ರಾತ್ರಿ ಅಲ್ಲಿ ಯಾವ ತಿನಿಸು ಎಂಬುದರ ಲೆಕ್ಕವೂ ಇದೆ. ರಾಜ್ಯವನ್ನು ಕಳೆದುಕೊಂಡ ಮನುಷ್ಯನು ಇಪ್ಪತ್ತು ವರ್ಷದ ಮೇಲೆ ಒಂದು ತಿಂಡಿಯಂಗಡಿಯನ್ನು ನೆನೆಯುವುದು ಹೊಟ್ಟೆಬಾಕತನದಿಂದಲ್ಲ. ಅಲ್ಲಿ ಅವನಿಗೆ ಕೂರಲು ಒಂದು ಜಾಗವಿದ್ದಿತು, ಅಷ್ಟೆ.

ನಾನು ಮೊದಲು ಇಳಿದುದು ಷಾಂಘೈಯಲ್ಲಿ. ಹುವಾಂಗ್‌ಪು ನದಿಯ ಈ ದಡದಲ್ಲಿ ಬಂಡ್ ಎಂಬ ಬೀದಿಯುದ್ದಕ್ಕೂ ಹಳೆಯ ಐರೋಪ್ಯ ಕಟ್ಟಡಗಳು. ಆ ದಡದಲ್ಲಿ ಮುಗಿಲಿಗೆ ತಾಗುವ ಹೊಸ ಗೋಪುರಗಳು. ಬಂಡಿನಿಂದ ಪಡುವಣಕ್ಕೆ ಹೋಗುವುದು ನಾನ್‌ಜಿಂಗ್ ಬೀದಿ. ದೀಪಗಳ ಸೊಗಸನ್ನು ನೋಡುತ್ತ ಅಲ್ಲಿ ಹೋಗುತ್ತಿರುವಾಗ ಅಚ್ಚುಕಟ್ಟಾಗಿ ಉಡುಪು ತೊಟ್ಟ ಇಬ್ಬರು ತರುಣಿಯರು ಚೊಕ್ಕ ಇಂಗ್ಲಿಷಿನಲ್ಲಿ ಮಾತನಾಡಿಸಿ, ತಮ್ಮ ಚಿತ್ರ ತೆಗೆದುಕೊಡಬೇಕೆಂದು ಬೇಡಿದರು. ಆಮೇಲೆ, ಚೀನೀಯರ ಚಹದ ವಿಧಿಯನ್ನು ನೋಡಬೇಕಾದರೆ ತಮ್ಮ ಜೊತೆಗೆ ಬರಬಹುದೆಂದರು. ಆ ಊರಿನಲ್ಲಿ ನನ್ನನ್ನು ಯಾರಾದರೂ ಮಾತನಾಡಿಸಿದುದು ಅದೇ ಮೊದಲು. ಹೋದೆ. ಹೆಬ್ಬೆಟ್ಟಿನಷ್ಟು ಗಾತ್ರದ ಬಟ್ಟಲುಗಳಲ್ಲಿ ಆರು ಬಗೆಯ ಚಹ ಬಂದಿತು. ಕೊನೆಗೆ ಬಂದ ಲೆಕ್ಕದ ಚೀಟಿ ನನ್ನ ಮೂರು ದಿನದ ವಸತಿಯ ಖರ್ಚಿಗೆ ಸಮನಾಗಿದ್ದಿತು. ತರುಣಿಯರು ನಗುನಗುತ್ತ ತಮ್ಮ ಪಾಲನ್ನು ಕೊಟ್ಟಂತೆ ನಟಿಸಿದರು. ನಾನು ನಿಜವಾಗಿಯೂ ಕೊಟ್ಟೆನು. ದೊಡ್ಡ ಪಟ್ಟಣಗಳ ದೊಡ್ಡ ಬೀದಿಗಳಲ್ಲಿ ಪ್ರವಾಸಿಗಳಿಗೆಂದೇ ಒಡ್ಡಿರುವ ಹಳೆಯ ಬಲೆ ಇದೆಂದು ವಸತಿಗೃಹಕ್ಕೆ ಮರಳಿದ ಮೇಲೆ ತಿಳಿಯಿತು.

ಹೋದ ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಬಾಧಿಸಿದುದು ಬೇರೊಂದು. ಕರೆದ ಮಾತಿಗೆ ಅಷ್ಟು ಬೇಗನೆ ಒಲಿದೆನಲ್ಲ. ಪಂಕ್ತಿಗೆ ಕರೆಯುವವರಿಲ್ಲದವನ ಮನಸ್ಸು ಎಷ್ಟು ಅಗ್ಗ!

ಮರುದಿನ ವಸತಿಗೃಹದ ಇರುಳ ಪಾಳಿಯ ಗುಮಾಸ್ತನು ನನ್ನ ಮುಖವನ್ನು ನೋಡಿ ಮರುಕಗೊಂಡು ಉಪದೇಶ ಮಾಡಿದನು. ಅವನು ಚೀನೀ ಭಾಷೆಯಲ್ಲಿ ಆಡಿದುದನ್ನು ಅವನ ಮೊಬೈಲು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿತ್ತು. ಅವರ ದೇಶದಲ್ಲಿ ನಮ್ಮ ಗೂಗಲ್ಲಿನ ನಕ್ಷೆ ನಡೆಯದು. ಗಾವ್‌ದೆ ಎಂಬ ನಕ್ಷೆ ಬೇರೆ. ಊಟದ ಮನೆಗಳಿಗೆ ಜನರು ಅಂಕ ಕೊಡುವ ದ್ಯಾನ್‌ಪಿಂಗ್ ಎಂಬ ಸಾಧನವೊಂದು 2003ರಲ್ಲಿ ಆ ಊರಿನಲ್ಲಿಯೇ ಹುಟ್ಟಿದುದು, ಅದನ್ನೂ ತೋರಿಸಿದನು. ಹಣ ಕೊಡುವುದು ಮೇಜಿನ ಮೇಲೆ ಅಂಟಿಸಿರುವ ಕಪ್ಪುಬಿಳುಪಿನ ಚೌಕವನ್ನು ಮೊಬೈಲಿಗೆ ತೋರಿಸಿ. ತಿನಿಸನ್ನು ಕೇಳುವುದೂ ಬಹುಮಟ್ಟಿಗೆ ಅದರಿಂದಲೇ. ಪರದೇಶದ ಬ್ಯಾಂಕಿನ ಚೀಟಿಯನ್ನೂ ಅಲಿಪೇ ಎಂಬುದರೊಳಗೆ ಸೇರಿಸಬಹುದೆಂದು ತಿಳಿಸಿ ಅದನ್ನೂ ಮಾಡಿಕೊಟ್ಟನು. ಇಷ್ಟನ್ನೆಲ್ಲ ಕಲಿಸಿದ ಮೇಲೆ ಅವನು ಹೇಳಿದ ಕೊನೆಯ ಮಾತು ಮಾತ್ರ ಯಾವ ಯಂತ್ರದಲ್ಲಿಯೂ ಇರಲಿಲ್ಲ: “ಮನೆಯ ಚಪ್ಪಲಿಯಲ್ಲಿ ಬಂದವರು ಎಲ್ಲಿ ತಿನ್ನುತ್ತಾರೋ ಅಲ್ಲಿ ತಿನ್ನಿ.”

ಆ ಮಾತಿನ ಹುರುಳು ನಿಧಾನವಾಗಿ ನನಗೆ ಗೊತ್ತಾಯಿತು. ಷಾಂಘೈಯ ಜನಕ್ಕೆ ಮಲಗುವ ಉಡುಪಿನಲ್ಲಿಯೇ ಬೀದಿಗೆ ಬರುವ ವಾಡಿಕೆ ಬಹಳ ಹಿಂದಿನದು. 2010ರಲ್ಲಿ ಅಲ್ಲಿ ವಿಶ್ವಪ್ರದರ್ಶನ ನಡೆದಾಗ ಅದನ್ನು ಬಿಡಿಸಬೇಕೆಂದು ಅಧಿಕಾರಿಗಳು ಪ್ರಚಾರವನ್ನೇ ಕೈಗೊಂಡಿದ್ದರು. ಮನೆಯ ಉಡುಪಿನಲ್ಲಿ ಬಂದವನು ಬಹುದೂರದಿಂದ ಬಂದವನಲ್ಲ, ನಾಳೆಯೂ ಬರತಕ್ಕವನು. ಅಂಥವನಿಗೆ ಅಂಗಡಿಯವನು ಮೋಸಮಾಡಲಾರನು. ಹೆದ್ದಾರಿಯ ಹಿಂದೆ ಎರಡು ಓಣಿಗಳಷ್ಟು ಒಳಕ್ಕೆ ನಡೆದರೆ ದೀಪಗಳು ಮಂಕಾಗುತ್ತವೆ, ಫಲಕಗಳಲ್ಲಿ ಇಂಗ್ಲಿಷು ಮಾಯವಾಗುತ್ತದೆ, ಊಟದ ಹೊಗೆ ಕಾಣಿಸಿಕೊಳ್ಳುತ್ತದೆ. ಆದರೆ ಹೊತ್ತನ್ನೂ ತಿಳಿದಿರಬೇಕು. ಆ ದೇಶದಲ್ಲಿ ರಾತ್ರಿಯ ಊಟ ನಮಗಿಂತ ಬಹಳ ಮುಂಚೆ: ಸಂಜೆ ಆರಕ್ಕೆ ಜನರು ಕುಳಿತುಬಿಡುತ್ತಾರೆ. ಬೆಂಗಳೂರಿನ ಲೆಕ್ಕದಂತೆ ಒಂಬತ್ತಕ್ಕೆ ಹೋದ ನನಗೆ ಮೊದಲ ಎರಡು ರಾತ್ರಿಯೂ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಡುವ ದೃಶ್ಯ ಕಾಣಿಸಿತು. ಆಮೇಲೆ ಹತ್ತರಿಂದ ಆಚೆಗೆ ಎರಡನೆಯ ಪ್ರಪಂಚವೊಂದು ಏಳುತ್ತದೆ. ಅದಕ್ಕೆ ಅವರು ‘ಯೆಷಿಯಾವ್’ ಎನ್ನುತ್ತಾರೆ. ಊಟವಲ್ಲ, ಇರುಳಿನ ಮೆಲುಕು. ಊಟದ ಹೊತ್ತು ತಪ್ಪಿದವನು ಮೆಲುಕಿನ ಹೊತ್ತಿನವರೆಗೆ ಬೀದಿ ಸುತ್ತಬೇಕು.

ಸುತ್ತಿದುದರಿಂದ ನಷ್ಟವೇನೂ ಆಗಲಿಲ್ಲ. ರಾತ್ರಿಯ ಬದುಕೆಂದರೆ ಮದ್ಯಶಾಲೆ, ನೃತ್ಯಶಾಲೆಗಳೆಂದು ನಾನು ತಿಳಿದಿದ್ದೆ. 1933ರಲ್ಲಿ ತೆರೆದ ಪ್ಯಾರಮೌಂಟ್ ನೃತ್ಯಮಂದಿರದ ಹೆಸರನ್ನೂ, ಪೀಸ್ ಹೋಟೆಲಿನಲ್ಲಿ 1980ರಲ್ಲಿ ಕೂಡಿದ ಮುದುಕರ ಜಾಸ್ ಮೇಳದ ಹೆಸರನ್ನೂ ಓದಿಕೊಂಡು ಹೋಗಿದ್ದೆ. ಆದರೆ ನಾನು ಕಂಡ ಹಾಗೆ ಆ ಪಟ್ಟಣಗಳ ದೊಡ್ಡ ನೃತ್ಯಶಾಲೆಗೆ ಮಾಡೂ ಇಲ್ಲ, ಬಾಗಿಲೂ ಇಲ್ಲ. ಸಂಜೆ ಏಳರ ಮೇಲೆ ಉದ್ಯಾನದ ಮೂಲೆಯಲ್ಲೋ ಅಂಗಡಿ ಸಾಲಿನ ಮುಂದಿನ ಬಯಲಲ್ಲೋ ಐವತ್ತು ದಾಟಿದ ಹೆಂಗಸರು ಸಾಲಾಗಿ ನಿಂತು, ನೆಲದ ಮೇಲಿಟ್ಟ ಒಂದು ವಾದ್ಯಪೆಟ್ಟಿಗೆಯ ತಾಳಕ್ಕೆ ಕುಣಿಯುತ್ತಾರೆ. ಹಿಂದಿನ ಸಾಲಿನಲ್ಲಿ ಯಾರು ಬೇಕಾದರೂ ಸೇರಬಹುದು. ಹೆಜ್ಜೆ ತಪ್ಪಿದರೆ ನಗುವವರಿಲ್ಲ. ನಾನು ಸೇರಲಿಲ್ಲ, ನಾಚಿಕೆಯಾಯಿತು. ಆದರೆ ಪ್ರತಿ ಊರಿನಲ್ಲಿಯೂ ಸ್ವಲ್ಪ ಹೊತ್ತು ನಿಂತು ನೋಡಿದೆನು.

ಇನ್ನು ನನ್ನ ಆಹಾರದ ತೊಡಕು. ‘ಮಾಂಸ ಬೇಡ’ ಎಂದು ಚೀನೀ ಲಿಪಿಯಲ್ಲಿ ಬರೆಯಿಸಿಕೊಂಡ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡಿದ್ದೆ. ಅವರಲ್ಲಿ ಬರಿಯ ‘ಮಾಂಸ’ವೆಂದರೆ ಸಾಮಾನ್ಯವಾಗಿ ಹಂದಿಯ ಮಾಂಸ, ಕೋಳಿಯ ಸಾರು ಆ ಮಾತಿನೊಳಗೆ ಬಾರದು. ಆ ಕಾಗದವನ್ನು ಗೌರವದಿಂದ ಓದಿ, ಗೌರವದಿಂದಲೇ ಕೋಳಿಯ ಸಾರಿನಲ್ಲಿ ಬೇಯಿಸಿದ ಎಲೆಕೋಸನ್ನು ತಂದಿಟ್ಟವರು ಒಬ್ಬಿಬ್ಬರಲ್ಲ. ಅವರ ತಪ್ಪೇನೂ ಇರಲಿಲ್ಲ. ‘ಸು’ ಎಂಬ ಒಂದೇ ಅಕ್ಷರವನ್ನು ತೋರಿಸಬೇಕಾಗಿತ್ತು. ಬೌದ್ಧ ಸಂನ್ಯಾಸಿಗಳ ಆಹಾರಕ್ಕೆ ಅವರು ಇಟ್ಟ ಹೆಸರು ಅದು. ಆ ಸಂಪ್ರದಾಯದಲ್ಲಿ ಮಾಂಸ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧ. ನಮ್ಮ ಅಜ್ಜಿಯ ಅಡಿಗೆಯ ಮನೆಯ ಕಟ್ಟಳೆಯನ್ನು ಸಾವಿರಾರು ಮೈಲಿಯ ಆಚೆ ಕಂಡು ನಾನು ಬೆರಗಾದೆ. ಷಾಂಘೈಯಲ್ಲಿ 1922ರಲ್ಲಿ ಸ್ಥಾಪಿತವಾದ ಗುಂಗ್‌ದೆಲಿನ್ ಎಂಬ ಭೋಜನಶಾಲೆಗೆ ಹೋದಾಗ, ಬಾತುಕೋಳಿಯ ವೇಷ ಹಾಕಿದ ಗೋದಿಯನ್ನೂ ಮೀನಿನ ವೇಷ ಹಾಕಿದ ಸೋಯಾಬೀನನ್ನೂ ನನ್ನ ಮುಂದೆ ತಂದಿಟ್ಟರು. ರುಚಿ ಚೆನ್ನಾಗಿದ್ದಿತು. ಆದರೆ ವ್ರತ ಹಿಡಿದವನಿಗೆ ಬಿಟ್ಟ ಪದಾರ್ಥವನ್ನೇ ನೆನಪಿಸುವ ಆ ಕೌಶಲವನ್ನು ಮೆಚ್ಚಬೇಕೋ ಬಿಡಬೇಕೋ ತಿಳಿಯಲಿಲ್ಲ.

ಬೀಜಿಂಗಿನಲ್ಲಿ ಮಳೆಯ ಎರಡು ರಾತ್ರಿಗಳು ಮಾತ್ರ ನನಗಿದ್ದುವು. ಹಳೆಯ ಕೈಪಿಡಿಯೊಂದನ್ನು ನಂಬಿ ಅರಮನೆಯ ಮೂಡಲಿಗಿದ್ದ ದುಂಗ್‌ಹುವಾಮೆನ್ ಇರುಳ ಸಂತೆಯನ್ನು ಹುಡುಕಿಕೊಂಡು ಹೋದೆ. ಕಡ್ಡಿಗೆ ಚುಚ್ಚಿದ ಚೇಳುಗಳನ್ನು ಪ್ರವಾಸಿಗಳಿಗೆ ತೋರಿಸಿ ಹೆಸರಾಗಿದ್ದ ಆ ಸಂತೆ 2016ರಲ್ಲಿಯೇ ಮುಚ್ಚಿಹೋಗಿದ್ದಿತು. ಅಂಥದನ್ನು ಊರಿನವರು ತಿನ್ನುತ್ತಿರಲಿಲ್ಲವೆಂದು ನನ್ನೊಡನೆ ಕೊಡೆ ಹಂಚಿಕೊಂಡ ವೃದ್ಧರೊಬ್ಬರು ಸನ್ನೆಯಿಂದಲೇ ತಿಳಿಸಿದರು. ಕೆಂಪು ಗೂಡುದೀಪಗಳ ಸಾಲಿನಿಂದ ಇರುಳೆಲ್ಲ ಎಚ್ಚರವಾಗಿರುವ ಗುಯ್ ಬೀದಿಗೆ ಆಮೇಲೆ ಹೋದೆ. ಆ ಹೆಸರನ್ನು ಉಚ್ಚರಿಸಿದರೆ ‘ದೆವ್ವದ ಬೀದಿ’ ಎಂದೂ ಕೇಳಿಸುತ್ತದೆ. ಈಗ ಅದನ್ನು ಪ್ರಾಚೀನ ಕಾಲದ ಒಂದು ಕಂಚಿನ ಪಾತ್ರೆಯ ಹೆಸರಿನ ಅಕ್ಷರದಿಂದ ಬರೆಯುತ್ತಾರೆ. ದೆವ್ವವನ್ನು ಹೀಗೆ ಪಾತ್ರೆಯಾಗಿಸಿದ ಜಾಣ್ಮೆ ನಮ್ಮ ಪುರಸಭೆಗಳಿಗೂ ಬರಬಾರದೆ!

ಅಲ್ಲಿಂದ ಷೀಆನ್. ಇದೇ ಹಿಂದಿನ ಛಾಂಗಾನ್. 1380ರಲ್ಲಿ ಕಟ್ಟಿದ ಭೇರಿಗೋಪುರವು ಊರ ನಡುವೆ ನಿಂತಿದೆ. ಅದರ ಹಿಂದೆ ಮುಸಲ್ಮಾನರ ಕೇರಿ. ಗೋಪುರಕ್ಕೆ ಹೊಂದಿಕೊಂಡ ಬೆಯ್‌ಯುವಾನ್‌ಮೆನ್ ಬೀದಿಯಲ್ಲಿ ಜಾತ್ರೆಯಂಥ ಗದ್ದಲ. ಆ ಹೊತ್ತಿಗೆ ನಾನು ಪಳಗಿದ್ದೆನು. ಗದ್ದಲವನ್ನು ದಾಟಿ ದಾಪಿಯುವಾನ್, ಸಾಜಿನ್‌ಚಿಯಾವ್ ಎಂಬ ಒಳಬೀದಿಗಳನ್ನು ಹಿಡಿದೆ. ಅಲ್ಲಿ ನೆರೆಯವರೇ ನೆರೆದಿದ್ದರು. ನನಗೆ ದೊರಕಿದುದು ‘ಲಿಯಾಂಗ್‌ಪಿ’ ಎಂಬ ತಣ್ಣಗಿನ ಹಿಟ್ಟಿನ ಪಟ್ಟಿಗಳು, ಖಾರದೆಣ್ಣೆ, ಹುಳಿ; ಆಮೇಲೆ ಪರ್ಸಿಮನ್ ಹಣ್ಣಿನ ಬಿಸಿ ಹೋಳಿಗೆ. ಸುತ್ತಲಿನವರೆಲ್ಲ ತಿನ್ನುತ್ತಿದ್ದುದು ‘ಪಾವ್‌ಮೋ’. ಅದರ ಕ್ರಮ ವಿಚಿತ್ರವಾದುದು. ಗಟ್ಟಿಯಾದ ರೊಟ್ಟಿಯನ್ನೂ ಬರಿಯ ಬಟ್ಟಲನ್ನೂ ಕೊಡುತ್ತಾರೆ. ಬಂದವನು ರೊಟ್ಟಿಯನ್ನು ತನ್ನ ಬೆರಳಿನಿಂದ ಕಡಲೆಯಷ್ಟು ಸಣ್ಣಗೆ ಮುರಿದು ಬಟ್ಟಲನ್ನು ತುಂಬಬೇಕು. ಆಮೇಲೆ ಅದು ಅಡಿಗೆಯವನ ಬಳಿಗೆ ಹೋಗಿ, ಕುರಿಯ ಸಾರಿನಲ್ಲಿ ಕುದಿದು ಮತ್ತೆ ಅವನಲ್ಲಿಗೇ ಬರುತ್ತದೆ. ಅರ್ಧ ತಾಸು ಎಲ್ಲರೂ ಮುರಿಯುತ್ತ ಮಾತನಾಡುತ್ತ ಕುಳಿತಿರುತ್ತಾರೆ. ನನ್ನ ಕಣ್ಣಿಗೆ ಮೊದಲು ಬಿದ್ದುದು ಆ ಸಂತೋಷವಲ್ಲ. ‘ಕೈ ಮುಟ್ಟಿದುದು ಮತ್ತೆ ಅಡಿಗೆಯ ಒಲೆಗೆ ಹೋಯಿತಲ್ಲ’ ಎಂಬ ಯೋಚನೆ. ಆ ಯೋಚನೆ ಬುದ್ಧಿಯಿಂದ ಬಂದುದಲ್ಲ. ಅದಕ್ಕೂ ಹಿಂದಿನದೊಂದು ನನ್ನೊಳಗೆ ಮುಖವನ್ನು ಸಿಂಡರಿಸಿತು.

ಮರುದಿನ ಆ ಊರಿನ ದೊಡ್ಡ ಹಂಸಗೋಪುರವನ್ನು ನೋಡಲು ಹೋದೆನು. ಹ್ಯೂಯೆನ್ ತ್ಸಾಂಗನು 645ರಲ್ಲಿ ಭರತಖಂಡದಿಂದ ತಂದ ಗ್ರಂಥಗಳನ್ನಿಡುವುದಕ್ಕೆಂದು 652ರಲ್ಲಿ ಕಟ್ಟಿಸಿದ ಗೋಪುರ ಅದು. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ಶೌರ್ಯವನ್ನು ಕುರಿತು ಆ ಯಾತ್ರಿಕನು ಬರೆದಿಟ್ಟುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ನನಗೆ ಅಲ್ಲಿ ನೆನಪಾದುದು ಅದಲ್ಲ. ಇಲ್ಲಿನ ಜನರ ಊಟದ ಶುಚಿಯನ್ನು ಅವನು ವಿವರವಾಗಿ ಬರೆದಿದ್ದಾನೆ: ಉಣ್ಣುವ ಮುನ್ನ ತೊಳೆದುಕೊಳ್ಳುತ್ತಾರೆ, ಮಿಕ್ಕುದನ್ನು ಮತ್ತೆ ಬಡಿಸುವುದಿಲ್ಲ, ಉಂಡ ಪಾತ್ರೆಯನ್ನು ಒಬ್ಬರಿಂದೊಬ್ಬರಿಗೆ ಸಾಗಿಸುವುದಿಲ್ಲ ಎಂದು. ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ, ನಮ್ಮ ಹಿರಿಯರ ಆಚಾರಕ್ಕೆ ಹೊರಗಿನವನ ಸಾಕ್ಷ್ಯ ದೊರೆಯಿತೆಂದು ಹಿಗ್ಗಿದ್ದೆ. ಅದೇ ಭಾಗದಲ್ಲಿ ಅವನು ಇನ್ನೊಂದನ್ನೂ ಬರೆದಿದ್ದಾನೆ: ಕಟುಕರು, ಬೆಸ್ತರು, ಜಾಡಮಾಲಿಗಳು ಮೊದಲಾದವರ ವಾಸ ಊರ ಹೊರಗೆ, ಊರೊಳಗೆ ಬಂದರೆ ದಾರಿಯ ಎಡಮಗ್ಗುಲನ್ನು ಹಿಡಿದು ಸರಿದು ಹೋಗಬೇಕು. ಆ ಮಾತನ್ನು ನಾನು ಓದಿ ದಾಟಿಬಿಟ್ಟಿದ್ದೆ. ಗೋಪುರದ ನೆರಳಿನಲ್ಲಿ ಕುಳಿತಾಗ ಅದು ನನ್ನನ್ನು ದಾಟಗೊಡಲಿಲ್ಲ.

ನಮ್ಮ ತೋಟದಲ್ಲಿ ಕೆಲಸಮಾಡುತ್ತಿದ್ದವನ ಮಗನೊಬ್ಬನು ನನ್ನ ಓರಗೆಯವನಾಗಿದ್ದನು. ನಾಲ್ಕನೆಯ ತರಗತಿಯವರೆಗೆ ಒಂದೇ ಹಲಗೆಯ ಮೇಲೆ ಕುಳಿತವರು ನಾವು. ಸುಗ್ಗಿಯ ದಿನಗಳಲ್ಲಿ ಅವನಿಗೂ ನಮ್ಮಲ್ಲಿಯೇ ಊಟ. ನನಗೆ ಒಳಗೆ ಬಾಳೆಯೆಲೆ, ಅವನಿಗೆ ಕೊಟ್ಟಿಗೆಯ ಕಡೆಯಲ್ಲಿ ಅಡಿಕೆಯ ಹಾಳೆ. ಒಂದು ದಿನ ನಾನು ನನ್ನ ಎಲೆಯನ್ನು ಎತ್ತಿಕೊಂಡು ಹೋಗಿ ಅವನೆದುರು ಕುಳಿತು ಉಂಡೆನು. ಅಜ್ಜಿ ಗದರಿಸಲಿಲ್ಲ. ಬಾವಿಯ ಕಟ್ಟೆಗೆ ಕರೆದೊಯ್ದು ತಲೆಯ ಮೇಲೆ ನೀರು ಹೊಯ್ದು, ಒಳಗೆ ಕೂರಿಸಿ ಮತ್ತೆ ಬಡಿಸಿದರು. ಮಾರನೆಯ ದಿನದಿಂದ ಅವನ ಊಟವನ್ನು ಪೊಟ್ಟಣ ಕಟ್ಟಿ ಮನೆಗೆ ಕಳುಹಿಸುತ್ತಿದ್ದರು. ಅವನು ನನ್ನನ್ನು ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಅಜ್ಜಿ ಕೆಟ್ಟವರಲ್ಲ, ಆ ಮನೆಯಲ್ಲಿ ಹಸಿದು ಬಂದವರನ್ನು ಹಾಗೆಯೇ ಕಳುಹಿಸಿದುದಿಲ್ಲ. ಜಾಗವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಅವರು ಕೊಡುತ್ತಿದ್ದರು.

ಕೊನೆಯದು ಚೆಂಗ್ಡು. ಇಡೀ ಚೀನಾ ದೇಶಕ್ಕೆ ಬೀಜಿಂಗಿನ ಗಡಿಯಾರವೊಂದೇ ಆದುದರಿಂದ, ಪಡುವಣಕ್ಕಿರುವ ಈ ಊರಿನಲ್ಲಿ ಷಾಂಘೈಗಿಂತ ಒಂದು ತಾಸಿಗೂ ಮೀರಿ ತಡವಾಗಿ ಕತ್ತಲಾಗುತ್ತದೆ. ಜನರಿಗೂ ಅವಸರ ಕಡಮೆ. ಜನತಾ ಉದ್ಯಾನದಲ್ಲಿ 1923ರ ಹೆಮಿಂಗ್ ಚಹಾಶಾಲೆಯಿದೆ. ಬಿದಿರಿನ ಕುರ್ಚಿಯಲ್ಲಿ ಕುಳಿತು, ಮುಚ್ಚಳದ ಬಟ್ಟಲಿನಲ್ಲಿ ಎಲೆಯ ಮೇಲೆ ಮತ್ತೆ ಮತ್ತೆ ಬಿಸಿನೀರನ್ನು ಹೊಯ್ಯಿಸಿಕೊಂಡು, ಇಸ್ಪೀಟಾಡುತ್ತಲೋ ಕಿವಿ ಶುದ್ಧಮಾಡಿಸಿಕೊಳ್ಳುತ್ತಲೋ ಮಧ್ಯಾಹ್ನವೆಲ್ಲ ಕಳೆಯಬಹುದು. ನಮ್ಮ ‘ಚಹ’ ಎಂಬ ಮಾತು ಅವರದೇ ಎಂಬುದನ್ನು ನೆನೆದು, ಸಾಲ ಕೊಟ್ಟವರ ಮನೆಯಲ್ಲಿ ಕುಳಿತಂತೆ ನಾನೂ ಕುಳಿತೆನು. ನಾನ್‌ಜಿಂಗ್ ಬೀದಿಯ ಆರು ಬಟ್ಟಲುಗಳ ಕಹಿ ಅಲ್ಲಿ ಇಳಿಯಿತು.

ಅಲ್ಲಿನವರು ಮೆಚ್ಚುವ ಸಣ್ಣ ಊಟದ ಮನೆಗಳಿಗೆ ‘ನೊಣದ ಹೋಟೆಲು’ ಎಂದು ಹೆಸರು. ಗೋಡೆಗೆ ಎಣ್ಣೆಯ ಜಿಡ್ಡು, ಕಾಲು ಅಲುಗುವ ಮಣೆ, ಕೂಗಿ ಕೇಳಬೇಕಾದ ತಿನಿಸು. ಆದರೆ ಕೈ ಪಳಗಿದ ಅಡಿಗೆ. ಹಾಗೆಂದು ಕರೆಯುವುದರಲ್ಲಿ ಹೀಯಾಳಿಕೆಗಿಂತ ಅಕ್ಕರೆಯೇ ಹೆಚ್ಚು. ಅಂಥ ಒಂದು ಮನೆಗೆ ಏಳು ಗಂಟೆಯ ಸುಮಾರಿಗೆ ಹೋದೆ. ಮೇಜು ಮೇಜಿನ ಮೇಲೂ ಕುದಿಯುವ ಕಡಾಯಿ. ಸುತ್ತ ಕುಳಿತವರು ಹಸಿಯ ಪದಾರ್ಥಗಳನ್ನು ಅದರಲ್ಲಿ ಅದ್ದಿ ಬೇಯಿಸಿ ತಿನ್ನುತ್ತಿದ್ದರು. ನದಿಯ ಕೆಳಗಣ ಚುಂಗ್‌ಚಿಂಗ್ ಪಟ್ಟಣದಲ್ಲಿ ಹಡಗುಕಟ್ಟೆಯ ಕೂಲಿಗಳು ಕಂಡುಹಿಡಿದ ಊಟವಿದೆಂದು ಹೇಳುತ್ತಾರೆ. ಅಲ್ಲಿ ಈಗಲೂ ಒಂಬತ್ತು ಚೌಕದ ಜಾಲರಿಯಿಟ್ಟ ಕಡಾಯಿ ಉಂಟು; ಗುರುತು ಪರಿಚಯವಿಲ್ಲದ ಒಂಬತ್ತು ಮಂದಿ ಒಂದೇ ಒಲೆಯ ಸುತ್ತ ಕೂರುವುದಕ್ಕಾಗಿ ಅದು ಹುಟ್ಟಿತಂತೆ.

ಜಾಗವಿರಲಿಲ್ಲ. ಹಿಂದಿರುಗಬೇಕೆಂದು ತಿರುಗಿದಾಗ ಬಾಗಿಲ ಬಳಿಯ ಮೇಜಿನಲ್ಲಿದ್ದ ವೃದ್ಧೆಯೊಬ್ಬಳು ತನ್ನ ಮೊಮ್ಮಗನನ್ನು ಸರಿಸಿ, ಪಕ್ಕದ ಮಣೆಯನ್ನು ಅಂಗೈಯಿಂದ ತಟ್ಟಿದಳು. ಮಗ, ಸೊಸೆ, ಮೊಮ್ಮಗ, ಅವಳು. ನಾನು ನನ್ನ ಕಾಗದವನ್ನು ತೋರಿಸಿದೆ. ಅವರು ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಅವರ ಕಡಾಯಿ ನಡುವೆ ತಡೆಯಿದ್ದ ಎರಡು ಭಾಗದ್ದು: ಒಂದು ಪಾಲಿನಲ್ಲಿ ಕೆಂಪಗೆ ಕುದಿಯುವ ಖಾರ, ಇನ್ನೊಂದರಲ್ಲಿ ತಿಳಿಯಾದ ಸಾರು. ಮಗನು ಅಂಗಡಿಯವನನ್ನು ಕರೆದು ಏನೋ ಹೇಳಿದನು. ಕಡಾಯಿ ಒಳಗೆ ಹೋಗಿ, ತಿಳಿಸಾರಿನ ಪಾಲು ಬರಿದಾಗಿ, ತೊಳೆದು, ಅಣಬೆಯ ನೀರು ತುಂಬಿ ಬಂದಿತು. ಅರ್ಧ ಊಟದಲ್ಲಿದ್ದವರು ತಮ್ಮ ಕಡಾಯಿಯ ಅರ್ಧವನ್ನು ಗುರುತಿಲ್ಲದವನಿಗೆ ಬಿಟ್ಟುಕೊಟ್ಟು, ಅದೊಂದು ವಿಶೇಷವೆಂಬಂತೆ ತೋರಿಸಿಕೊಳ್ಳದೆ ಮತ್ತೆ ಉಣತೊಡಗಿದರು. ಮುದುಕಿ ಹೊಸ ಕಡ್ಡಿಗಳೆರಡನ್ನು ತರಿಸಿ, ತಾವರೆಯ ಗೆಡ್ಡೆಯ ಬಿಲ್ಲೆಯನ್ನು ನನ್ನ ಪಾಲಿನಲ್ಲಿ ಬೇಯಿಸಿ ನನ್ನ ಬಟ್ಟಲಿಗೆ ಹಾಕಿದಳು.

ಓದುಗರಿಗೆ ಸುಳ್ಳು ಹೇಳಲಾರೆ. ನಾನು ಒಂದು ಗಳಿಗೆ ಸುಮ್ಮನಿದ್ದೆ. ತಗಡಿನ ಆಚೆ ಮಾಂಸ ಕುದಿಯುತ್ತಿತ್ತು. ನನ್ನ ಮನಸ್ಸು ಹಿಂದೆಗೆದುದು ಜೀವದಯೆಯಿಂದಲೋ, ಬಾವಿಕಟ್ಟೆಯ ಆ ತಣ್ಣೀರಿನ ನೆನಪಿನಿಂದಲೋ? ಹಲವು ವರ್ಷಗಳಿಂದ ಇವೆರಡನ್ನೂ ಒಂದೇ ಎಂದು ಹೇಳಿಕೊಂಡು ಬಂದಿದ್ದೆನು. ಒಂದರ ಮರ್ಯಾದೆಯಲ್ಲಿ ಇನ್ನೊಂದು ಬದುಕಿಕೊಂಡಿದ್ದಿತು. ನನ್ನ ಪಾಲಿನ ನೀರು ಶುದ್ಧವಾದ ಅಣಬೆಯ ನೀರು. ಜೀವದಯೆಗೆ ಅಲ್ಲಿ ಆಕ್ಷೇಪಣೆಯಿರಲಿಲ್ಲ. ಆದುದರಿಂದ ಆ ಅಳುಕು ಯಾವುದೆಂಬುದು ನನಗೆ ಅಂದು ನಿಚ್ಚಳವಾಗಿ ಕಾಣಿಸಿತು. ಮುದುಕಿ ಕಾಯುತ್ತಿದ್ದಳು. ನಾನು ತಿಂದೆನು.

ಬಿಲ್ಲೆಗೆ ಅಂಟಿಕೊಂಡಿದ್ದ ಕಾಳೊಂದು ಹಲ್ಲಿಗೆ ಸಿಕ್ಕಿ ನಾಲಿಗೆಯೆಲ್ಲ ಜುಮ್ಮೆಂದಿತು. ಅವರು ‘ಹುವಾಜಿಯಾವ್’ ಎನ್ನುವ ಕಾಳು. ಘಟ್ಟದ ಕೆಳಗಿನಿಂದ ಬಂದ ನಮ್ಮ ಅಜ್ಜಿ ಹುಳಿಗೆ ಹಾಕುತ್ತಿದ್ದ ಜುಮ್ಮನಕಾಯಿಯ ಜುಮ್ಮು ಅದೇ. ಎರಡೂ ಒಂದೇ ಕುಲದ ಗಿಡಗಳೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಕೆಂಪು ಮೆಣಸಿನಕಾಯಿ ಅಮೆರಿಕ ಖಂಡದಿಂದ ಅವರಿಗೂ ನಮಗೂ ಆಮೇಲೆ ಬಂದ ಅತಿಥಿ; ಈ ಜುಮ್ಮು ಮಾತ್ರ ಏಷ್ಯದ ಮಣ್ಣಿನದು. ಯಾರ ಕೈಯ ಆಚಾರ ನನ್ನನ್ನು ಆ ಮೇಜಿನಿಂದ ಹಿಂದಕ್ಕೆ ಎಳೆಯುತ್ತಿತ್ತೋ ಅವರ ಕೈಯ ರುಚಿಯೇ ಆ ಮೇಜಿನ ಮೇಲೆ ದೊರೆಯಿತು. ಕಣ್ಣಿನಲ್ಲಿ ನೀರು ಬಂದಿತು. ಖಾರವೆಂದು ತಿಳಿದು ಹುಡುಗನು ನೀರಿನ ಬಟ್ಟಲನ್ನು ನನ್ನ ಕಡೆಗೆ ನೂಕಿದನು. ನನ್ನ ಪಾಲಿನ ಹಣವನ್ನು ಎಷ್ಟು ಹೇಳಿದರೂ ಅವರು ಮುಟ್ಟಲಿಲ್ಲ.

ಊರಿಗೆ ಬಂದ ಮೇಲೆ ಒಂದು ತಿಂಗಳು ತಡೆದೆ. ಆಮೇಲೆ ಹಳ್ಳಿಗೆ ಹೋದೆನು. ನನ್ನ ಆ ಜೊತೆಗಾರನು ಈಗ ತನ್ನದೇ ಆದ ಎರಡು ಎಕರೆ ತೋಟವನ್ನಿಟ್ಟುಕೊಂಡು ಮೊಮ್ಮಕ್ಕಳೊಡನೆ ಇದ್ದಾನೆ. ಹನ್ನೆರಡು ಗಂಟೆಯ ಹೊತ್ತಿಗೆ ಅವನ ಮನೆಯ ಬಾಗಿಲಲ್ಲಿ ನಿಂತು, “ಊಟಕ್ಕೆ ಬಂದಿದ್ದೇನೆ” ಎಂದೆ. ಅವನು ಸ್ವಲ್ಪ ಹೊತ್ತು ನನ್ನನ್ನು ನೋಡಿ, “ಬನ್ನಿ” ಎಂದನು. ಹಲಗೆಯ ಮೇಲೆ ಕುಳಿತಿದ್ದಾಗ ಅವನು ನನ್ನನ್ನು ‘ನೀನು’ ಎನ್ನುತ್ತಿದ್ದ.

ಒಳಗೆ ಒಂದೇ ಎಲೆ ಹಾಕಿದರು. “ನಿನ್ನದು?” ಎಂದು ಕೇಳಿದೆ. “ನಮ್ಮದಾಯಿತು. ನೀವು ಕೂರಿ” ಎಂದನು. ಅಡಿಗೆಯ ಮನೆಯಿಂದ ಆಗ ತಾನೆ ಗಂಜಿ ಬಸಿಯುವ ವಾಸನೆ ಬರುತ್ತಿತ್ತು. ಅವರಾರೂ ಇನ್ನೂ ಉಂಡಿರಲಿಲ್ಲ. ಅವನು ಪಕ್ಕದಲ್ಲಿ ನಿಂತು, ಬಗ್ಗಿ ಬಗ್ಗಿ ಬಡಿಸಿದನು. ನಾನು ಒಬ್ಬನೇ ಉಂಡೆನು. ಚೆಂಗ್ಡುವಿನ ಮುದುಕಿಗೆ ಮಣೆಯನ್ನು ತಟ್ಟಲು ಒಂದು ನಿಮಿಷವೂ ಬೇಕಾಗಲಿಲ್ಲ. ಅವಳಿಗೂ ನನಗೂ ನಡುವೆ ಹಿಂದಿನದೇನೂ ಇರಲಿಲ್ಲ. ಇಲ್ಲಿ ನಮ್ಮಿಬ್ಬರ ನಡುವೆ ಅರವತ್ತು ವರ್ಷಗಳು ಕುಳಿತಿದ್ದವು. ಅವನ್ನು ಎಬ್ಬಿಸಿ ಕಳುಹಿಸುವುದು ಒಂದು ಊಟದ ಕೆಲಸವಲ್ಲ. ಎಬ್ಬಿಸಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವವನೂ ನಾನಲ್ಲ, ಅವನು.

ಹೊರಟಾಗ ಅವನು ಬೇಲಿಯವರೆಗೆ ಬಂದನು. “ಇನ್ನೊಂದು ಸಲ ಬಂದಾಗ ಮುಂಚೆಯೇ ಹೇಳಿ ಬಾ” ಎಂದನು. ‘ಬಾ’ ಎಂಬುದು ಬಾಯಿತಪ್ಪಿ ಬಂದಿತೋ ಏನೋ, ನಾನು ಕೇಳಲಿಲ್ಲ. ಪರಸ್ಥಳದಲ್ಲಿ ಊಟ ಹುಡುಕುವವನು ಎಲ್ಲಕ್ಕಿಂತ ಮೊದಲು ಅಲ್ಲಿನ ಹೊತ್ತನ್ನು ತಿಳಿಯಬೇಕೆಂದು ಷಾಂಘೈಯಲ್ಲಿ ಕಲಿತಿದ್ದೆ. ಯುಗಾದಿಯ ಹೊತ್ತಿಗೆ ಹೇಳಿಕಳುಹಿಸಿ, ಅವರು ಎಲೆ ಹಾಕುವ ಮುಂಚೆಯೇ ಹೋಗಬೇಕೆಂದಿದ್ದೇನೆ.